ನಕಾಶೆ ನೋಡುತ್ತಿದ್ದ ಗೌರಮ್ಮ

ಭಾರತಕ್ಕೆ ಹೊರಟಿದ್ದ ವಿಮಾನ ಇನ್ನೂ ಅಟ್ಲಾಂಟಿಕ್ ಸಾಗರದ ಮೇಲಿತ್ತು. ಸುತ್ತಲಿನ ಪರದೆಗಳಲ್ಲೆಲ್ಲ ಸಿನಿಮಾ ಓಡುತ್ತಿದ್ದರೂ, ನನ್ನ ಪಕ್ಕದ ಆಸನದಲ್ಲಿದ್ದ ಹರಿಹರದ ಗೌರಮ್ಮ ವಿಮಾನದ ದಾರಿ ತೋರುವ ನಕಾಶೆಯಿಂದ ಕಣ್ಣು ಕದಲಿಸಿರಲಿಲ್ಲ. ಊರಿನಲ್ಲಿ ಅವರ ಅಣ್ಣ ತೀರಿಕೊಂಡಿದ್ದರು.

“ವಿಭೂತಿ ಹಚ್ಚಿ ಕೂಡ್ಸ್ಯಾರಂತ್ರಿ. ಇವತ್ತ ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ತಾರೆ. ನಂಗೆ ಮುಖ ಸಿಗತೈತೇನ್ರಿ ಸರ?”

ಪರದೆ ತೋರಿಸುತ್ತಿದ್ದ ಭಾರತದ ವೇಳೆಯನ್ನು, ಊರಿನ ಸಮಯದಲ್ಲೇ ಉಳಿಸಿಕೊಂಡಿದ್ದ ನನ್ನ ಕೈಗಡಿಯಾರದೊಡನೆ ಎರಡು ಬಾರಿ ತಾಳೆ ನೋಡಿದೆ. ಉತ್ತರ ಬದಲಾಗಲಿಲ್ಲ.

“ಅಲ್ಲಿ ಆಗಲೇ ಕತ್ತಲಾಗಿದೆಯಮ್ಮ.”

“ಏನಂತೀರಿ? ಹೊರಗೆ ಬಿಸಿಲೈತಲ್ರಿ!” ಅವರು ಕಿಟಕಿ ತೋರಿಸಿದರು.

“ಅದು ಇಲ್ಲಿಯ ಬಿಸಿಲು. ಹರಿಹರದ್ದಲ್ಲ.”

ಅವರು ಬಹಳ ಹೊತ್ತು ಕಿಟಕಿಯನ್ನೇ ನೋಡಿದರು. ಅಳಲಿಲ್ಲ. ಆಮೇಲೆ ಪರದೆಯತ್ತ ಕೈ ಮಾಡಿದರು.

“ಇನ್ನ ಇದು ಬ್ಯಾಡ್ರಿ. ಯಾವ್ದಾರ ಸಿನಿಮಾ ಹಾಕಿಕೊಡ್ರಿ.”

ಮೊದಲು ಸಿಕ್ಕಿದ ಹಾಸ್ಯಚಿತ್ರವನ್ನು ಹಾಕಿದೆ. ಅವರು ಇಯರ್‌ಫೋನ್ ಹಾಕಿಕೊಳ್ಳದೆಯೇ ಅದನ್ನು ಕೊನೆಯವರೆಗೆ ನೋಡಿದರು.