ಗಿರಣಿ ಬಾಗಿಲಿನ ಕಪ್ಪು ಹಲಗೆ

ಹೊಸದುರ್ಗದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಮೊದಲು ಅವ್ವ ನಡೆಸುತ್ತಿದ್ದಳು, ಈಗ ನಾನು. ಬೀಸುವ ಕಲ್ಲು ಸವೆದಾಗ ಅದಕ್ಕೆ ಉಳಿ ಹೊಡೆಸಬೇಕು. ಹೊಡೆಸಿದ ದಿನ ಹಿಟ್ಟಿನಲ್ಲಿ ಕಲ್ಲಿನ ಪುಡಿ ಬೀಳುತ್ತದೆ, ಮುದ್ದೆ ಬಾಯಲ್ಲಿ ಕರಕರ ಅನ್ನುತ್ತದೆ. ಅದಕ್ಕೇ ಅವ್ವ ಬಾಗಿಲ ಕಪ್ಪು ಹಲಗೆಯ ಮೇಲೆ, ಇವತ್ತು ಉಳಿ ಹೊಡೆಸಿದ್ದೇವೆ, ನಾಳೆ ಬನ್ನಿ ಎಂದು ಬರೆಯುತ್ತಿದ್ದಳು. ಪುಡಿ ನಿಂತಿತೆಂದು ಬೀಸಿಕೊಟ್ಟ ಮೇಲೂ ಒಮ್ಮೊಮ್ಮೆ ಬರುತ್ತದೆ. ಆಗ ಹಿಟ್ಟು ಒಯ್ದವರ ಮನೆಗೇ ಹೋಗಿ ಹೇಳಿ ಬರುತ್ತಿದ್ದಳು. ಬಾಗೂರಿನವರಾದರೆ ಬಸ್ಸು ಹತ್ತುತ್ತಿದ್ದಳು. ಇರುವ ಗಿರಾಕಿಗಳೂ ಹೋದಾರು ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅಂಥ ಅವ್ವನಿಗೆ ಸಕ್ಕರೆ ಕಾಯಿಲೆ ಬಂತು. ಬೆರಳು ಚುಚ್ಚಿ ರಕ್ತ ನೋಡುವ ಪುಟ್ಟ ಮಿಷಿನ್ ತಂದುಕೊಟ್ಟೆ. ಅದಕ್ಕೆ ಪರದೆ ಇಲ್ಲ, ಅಂಕಿಯನ್ನು ಮೊಬೈಲಿನ ಆ್ಯಪೇ ತೋರಿಸಬೇಕು. ಒಂದು ಬೆಳಿಗ್ಗೆ ಅಂಕಿ ಬಹಳ ಮೇಲಿತ್ತು. ಡಾಕ್ಟರು ಹೇಳಿಕೊಟ್ಟಂತೆ ಇನ್ಸುಲಿನ್ ಹೆಚ್ಚಿಗೆ ಚುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ರಾಗಿ ಚೀಲದ ಮೇಲೆ ಒರಗಿಬಿಟ್ಟಳು. ಬೆಲ್ಲದ ನೀರು ಕುಡಿಸಿ, ಆಟೋ ಹತ್ತಿಸಿ ಆಸ್ಪತ್ರೆಗೆ ಒಯ್ದೆ. ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗಿದೆ ಎಂದರು ಅಲ್ಲಿ.

ಬದುಕಿದಳು. ಮನೆಗೆ ಬಂದ ಮೇಲೆ ಅನುಮಾನ ಹುಟ್ಟಿ ನನ್ನ ಬೆರಳನ್ನೇ ಚುಚ್ಚಿ ನೋಡಿದೆ. ನನಗೆ ಸಕ್ಕರೆ ಕಾಯಿಲೆ ಇಲ್ಲ. ಆದರೂ ಆ್ಯಪು ನನಗೂ ಅವ್ವನ ಅದೇ ಅಂಕಿ ತೋರಿಸಿತು. ಹಾಳಾದ್ದು, ಯಾವತ್ತಿನದೋ ಹಳೆಯದನ್ನೇ ಹೊಸದೆಂದು ತೋರಿಸುತ್ತಿತ್ತು.

ಕಂಪನಿಗೆ ಬರೆದೆ. ನಿಮ್ಮ ಅಭಿಪ್ರಾಯ ಅಮೂಲ್ಯ ಎಂದು ಉತ್ತರ ಬಂತು. ಆಮೇಲೊಂದು ಅಪ್‌ಡೇಟ್ ಬಂತು, ಜೊತೆಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ. ಸಣ್ಣಪುಟ್ಟವಂತೆ! ಮೈ ಉರಿದುಹೋಯಿತು. ಏನು ಕೆಟ್ಟಿತ್ತು, ಯಾರಿಗೆ ಅಪಾಯ, ಈಗೇನು ಮಾಡಬೇಕು, ಇಷ್ಟನ್ನು ಅವ್ವ ಓದುವ ಕನ್ನಡದಲ್ಲಿ ಹೇಳಲು ಇವರಿಗೇನು ಧಾಡಿ? ಅಪ್‌ಡೇಟ್ ಮಾಡಿಕೊಳ್ಳದವರು ಇನ್ನೂ ಹಳೆಯ ಅಂಕಿ ನಂಬಿಯೇ ಸೂಜಿ ಚುಚ್ಚಿಕೊಳ್ಳುತ್ತಿರಬಹುದಲ್ಲ?

ನಾನೇ ಹಲಗೆಯ ಮೇಲೆ ಬರೆದೆ. ಆ್ಯಪಿನ ಹೆಸರು ಹಾಕಿ, ಇದು ಹಳೆಯ ಅಂಕಿ ತೋರಿಸುತ್ತದೆ, ಅಪ್‌ಡೇಟ್ ಮಾಡಿಕೊಳ್ಳದೆ ನಂಬಬೇಡಿ ಎಂದೆ. ಯಾರೋ ಗಿರಾಕಿ ಫೋಟೋ ತೆಗೆದು ವಾಟ್ಸ್ಯಾಪಿಗೆ ಹಾಕಿದರು. ಅದು ಹಿರಿಯೂರು, ಹೊಳಲ್ಕೆರೆ ಸುತ್ತಿ ಕಂಪನಿಯವರಿಗೂ ಮುಟ್ಟಿತು. ಅಲ್ಲಿಂದ ಒಬ್ಬ ಫೋನು ಮಾಡಿದ. ಬಹಳ ಮೆತ್ತಗಿನ ಮಾತು. ಸರಿಮಾಡಿ ಆಗಿದೆಯಲ್ಲ, ಜನ ಸುಮ್ಮನೆ ಗಾಬರಿಯಾಗುತ್ತಾರೆ, ಅದನ್ನು ಒರೆಸಿಬಿಡಿ ಎಂದ.

"ಗಾಬರಿ ಆಗ್ಲಿ ಬಿಡ್ರಿ," ಅಂದೆ. "ನಮ್ಮವ್ವ ಅವತ್ತು ಗಾಬರಿ ಆಗಿದ್ರೆ ಸೂಜಿ ಚುಚ್ಕಳ್ದೆ ಆಸ್ಪತ್ರೇಲಿ ರಕ್ತ ತೋರಿಸ್ತಿದ್ಲು."

ಇನ್ನೂ ಏನೇನೋ ಅನ್ನುವವಳಿದ್ದೆ. ಪಕ್ಕದಲ್ಲಿ ಕುಳಿತಿದ್ದ ಅವ್ವ ಫೋನು ಕಿತ್ತುಕೊಂಡಳು.

"ನೋಡಪ್ಪ, ಕಲ್ಲು ಸರಿ ಆಯ್ತು ಅಂತ ನಾವು ಹಲಗೆ ಒರೆಸಲ್ಲ. ಹಿಟ್ಟು ತಗಂಡು ಹೋದೋರ ಮನೆಗೆಲ್ಲ ಹೇಳಿ ಬಂದ ಮೇಲೆ ಒರೆಸ್ತೀವಿ. ನೀನು ಎಷ್ಟು ಮನೆಗೆ ಹೇಳಿ ಬಂದೆ?"

ಅವನು ಫೋನು ಇಟ್ಟುಬಿಟ್ಟ. ಹಲಗೆಯ ಅಕ್ಷರ ಇವತ್ತಿಗೂ ಹಾಗೇ ಇದೆ. ಮಸುಕಾದಾಗ ಅವ್ವನೇ ಚಾಕ್‌ಪೀಸು ಹಿಡಿದು ತಿದ್ದುತ್ತಾಳೆ.