ಅರ್ಧ ಕೊಯ್ದ ಕಂಬಳಿ

ತೂದಾಳ ಬಾಯಿಗೆ ಹೆದರದಿದ್ದದ್ದು ಆ ಊರಿನಲ್ಲಿ ಎರಡೇ: ಒಂದು ಅವಳ ಮಗ್ಗ, ಇನ್ನೊಂದು ಅವಳ ಗಂಡ ಮೀಮೂನ್. ಮಗ್ಗಕ್ಕೆ ಕಿವಿಯಿಲ್ಲ. ಮೀಮೂನನಿಗಿದ್ದ ಕಿವಿಗಳನ್ನು ಅಜ್ರೂ ರಸ್ತೆಯಲ್ಲಿ ಅವನು ಓಡಿಸುತ್ತಿದ್ದ ಹಳೇ ಬಸ್ಸಿನ ಇಂಜಿನ್ನು ಎಂದೋ ತಿಂದುಹಾಕಿದೆ ಎಂದು ಊರವರು ನಗುತ್ತಿದ್ದರು. ಆದರೆ ತನಗೆ ಬೇಕಾದ ಮಾತು ಅವನಿಗೆ ಬೆಟ್ಟದಾಚೆಯಿಂದಲೂ ಕೇಳಿಸುತ್ತಿತ್ತು, ಬೇಡದ್ದು ಮಾತ್ರ ಪಕ್ಕದಲ್ಲೇ ಕೂತು ಕೂಗಿದರೂ ಇಲ್ಲ.

ಬೇಸಿಗೆ ಬಂದು ಶಾಲೆಗಳಿಗೆ ಬೀಗ ಬಿದ್ದರೆ ಸಾಕು, ಮೆಕ್ನೆಸ್, ಫೆಜ್ ಪಟ್ಟಣಗಳ ಕಡೆಯಿಂದ ಮೊಮ್ಮಕ್ಕಳು ಅಟ್ಲಸ್ ಬೆಟ್ಟದ ಅಜ್ಜಿಮನೆಗಳಿಗೆ ಬಂದು ಇಳಿಯುತ್ತಿದ್ದರು. ಹುಡುಗಿಯರು ಹಗಲೆಲ್ಲ ಮೊಬೈಲು ಹಿಡಿದು ಚಾಪೆಯ ಮೇಲೆ ಬಿದ್ದುಕೊಂಡಿರುವುದನ್ನು ನೋಡಲಾಗದ ಅಜ್ಜಿಯರು ಅವರನ್ನು ಹಳೇ ಹಿಟ್ಟಿನ ಗಿರಣಿಯಲ್ಲಿದ್ದ ಕೈಕಸುಬಿನ ಶಾಲೆಗೆ ಅಟ್ಟುತ್ತಿದ್ದರು. ಅಲ್ಲಿ ತೂದಾ ಕಾದಿರುತ್ತಿದ್ದಳು. ಹಳ್ಳದಲ್ಲಿ ಉಣ್ಣೆ ತೊಳೆಯುವುದು, ಎಕ್ಕುವುದು, ಕದಿರಿನಲ್ಲಿ ನೂಲುವುದು, ದಾಳಿಂಬೆ ಸಿಪ್ಪೆಯಲ್ಲಿ ಬಣ್ಣ ಕುದಿಸುವುದು, ಕೊನೆಗೆ ಎಲ್ಲರೂ ಸೇರಿ ಒಂದು ದೊಡ್ಡ ಕಂಬಳಿ ನೇಯುವುದು, ಇಷ್ಟು ಅವಳ ಪಾಠ. ಬೈಗುಳ ಪುಕ್ಕಟೆ.

"ಇದೇನೇ, ನೂಲೋ ಕುರಿಯ ಕರುಳೋ? ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ಕೂದಲು!"

"ಚೆನ್ನಾಗಿದೆ ಅಂತ ಒಂದೇ ಒಂದು ಸಲ ಹೇಳಿ ಲಲ್ಲಾ" ಎಂದು ಮೆಕ್ನೆಸ್ಸಿನ ಯಾಮ್ನಾ ಗೋಗರೆಯುತ್ತಿದ್ದಳು. ಕಾಲೇಜು ಓದುತ್ತಿದ್ದ, ಯಾರಿಗೂ ಸೊಪ್ಪು ಹಾಕದ ಹುಡುಗಿ, ತೂದಾಳನ್ನು ಮಾತ್ರ ಅಲ್ಲಿಯವರಂತೆ ಗೌರವದಿಂದ 'ಲಲ್ಲಾ' ಎನ್ನುತ್ತಿದ್ದಳು.

"ಚೆನ್ನಾಗಿದ್ದಾಗ ಹೇಳ್ತೀನಿ. ಆ ದಿನ ನಾನು ಬದುಕಿರಬೇಕಲ್ಲ."

ಬಾಗಿಲ ಬಳಿ ಚಹಾದ ಕೆಟಲಿಗೆ ಪುದೀನ ತುರುಕುತ್ತಿದ್ದ ಮೀಮೂನ್ ಅಲ್ಲಿಂದಲೇ ಕೂಗುತ್ತಿದ್ದ: "ನನಗೂ ಇವತ್ತಿನವರೆಗೆ ಹೇಳಿಲ್ಲ ಮಗಳೇ, ಬೇಜಾರು ಮಾಡ್ಕೋಬೇಡ!" ಬಸ್ಸು ಓಡಿಸುವುದು ನಿಂತ ಮೇಲೆ ಅವನು ತನ್ನನ್ನು ತಾನೇ ಆ ಶಾಲೆಯ ಚಹಾದವನಾಗಿ ನೇಮಿಸಿಕೊಂಡಿದ್ದ. ಯಾರೂ ಕರೆದಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಹಿಂದಿನ ಚಳಿಗಾಲ ಎದೆನೋವು ಬಂದು ಹಾಸಿಗೆ ಹಿಡಿದಿದ್ದವನು ಎದ್ದು ಓಡಾಡುತ್ತಿರುವುದೇ ದೊಡ್ಡದು ಎಂದು ಹುಡುಗಿಯರ ಅಜ್ಜಿಯರು ಅವನು ಕೊಟ್ಟ ಚಹಾವನ್ನು ಹೊಗಳಿ ಕುಡಿಯುತ್ತಿದ್ದರು.

ಆ ಸೀಮೆಯ ಹೆಂಗಸರ ಲೆಕ್ಕದಲ್ಲಿ ಹಾಸುನೂಲು ಬಿಗಿದ ಮಗ್ಗಕ್ಕೆ ಜೀವ ಬರುತ್ತದೆ. ನೇಯ್ದು ಮುಗಿದು ನೂಲು ಕೊಯ್ದ ದಿನ ಆ ಜೀವ ಹೋಗುತ್ತದೆ. ಅದಕ್ಕೇ ಕೊಯ್ಯುವ ಮುಂಚೆ, ಪ್ರಾಣ ಬಿಡುವವರ ಬಾಯಿಗೆ ಬಿಡುವಂತೆ, ಕಂಬಳಿಗೆ ನೀರು ಚಿಮುಕಿಸುತ್ತಾರೆ. ಒಮ್ಮೆ ಕೊಯ್ಯಲು ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ, ಜೀವವನ್ನು ನರಳಿಸಿದ ಹಾಗಾಗುತ್ತದೆ. ಗಂಡಸಂತೂ ಆ ಹೊತ್ತಿಗೆ ಕೋಣೆಯಲ್ಲಿ ಇರಲೇಬಾರದು. ನೋಡಿದವನ ಆಯುಷ್ಯದ ಎಳೆಯೂ ಅದರ ಜೊತೆಗೇ ಕತ್ತರಿಸಿಹೋಗುತ್ತದಂತೆ.

"ಇದೆಲ್ಲ ನೀವು ನಂಬ್ತೀರಾ ಲಲ್ಲಾ?" ಎಂದು ಯಾಮ್ನಾ ಕೇಳದೆ ಬಿಡುತ್ತಾಳೆಯೇ?

"ನನಗೇನು ತಲೆ ಕೆಟ್ಟಿದೆಯಾ? ಗಂಡಸರು ಇದ್ರೆ ಹಾಗೆ ಕೊಯ್ಯಿ, ಹೀಗೆ ಕೊಯ್ಯಿ ಅಂತ ಮೂಗು ತೂರಿಸ್ತಾರೆ. ಅವರನ್ನ ಆಚೆ ಇಡೋದಕ್ಕೆ ಅಜ್ಜಿಯರು ಕಟ್ಟಿದ ಕಥೆ ಇದು. ಒಳ್ಳೇ ಕಥೆ. ಹಾಗೇ ಇರಲಿ."

ಹೀಗೆ ಹೇಳಿದವಳು ಕೊಯ್ಯುವ ದಿನ ಬಾಗಿಲಿಗೆ ತಾನೇ ಅಗುಳಿ ಹಾಕಿದಳು, ಸರಿಯಾಗಿ ಬಿದ್ದಿದೆಯೇ ಎಂದು ಎಳೆದೂ ನೋಡಿದಳು. ಹುಡುಗಿಯರು ಮಗ್ಗದ ಸುತ್ತ ನಿಂತರು. ತೂದಾ ನೀರು ಚಿಮುಕಿಸಿ, ತುಟಿ ಅಲುಗಾಡಿಸಿ ಏನೋ ಹೇಳಿಕೊಂಡು, ಚೂರಿಯಿಂದ ಎಡಗಡೆಯ ಎಳೆಗಳನ್ನು ಕೊಯ್ಯತೊಡಗಿದಳು. ಕಣ್ಣು ಆಗಲೇ ಒದ್ದೆಯಾಗಿತ್ತು. ಉಣ್ಣೆಯ ಧೂಳು ಎಂದು ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ.

ಅರ್ಧ ಕೊಯ್ದಿದ್ದಳು. ಹಿಂಬದಿಯಲ್ಲಿ ಗಿರಣಿಯ ಕಾಲದ ಒಂದು ಸಣ್ಣ ಬಾಗಿಲಿತ್ತು, ಮೂಟೆಗಳನ್ನು ಒಳಗೆ ತಳ್ಳಲು ಮಾಡಿದ್ದು. ಅದು ಕಿರ್ರೆಂದಿತು. ಚಹಾದ ತಟ್ಟೆ ಹಿಡಿದುಕೊಂಡು, ಬಗ್ಗಿ, ಏದುಸಿರು ಬಿಡುತ್ತಾ ಮೀಮೂನ್ ಒಳಗೆ ಬಂದ. ಹುಡುಗಿಯರು ಕಿಟಾರನೆ ಕಿರುಚಿದರು. ತಟ್ಟೆ ಅಲುಗಿ ಲೋಟಗಳು ಕಿಣಿಕಿಣಿ ಎಂದವು. ಅವನು ಮಾತ್ರ ತಿರುಗಿ ಹೋಗಲಿಲ್ಲ, ನಿಂತು ಕಂಬಳಿಯನ್ನೂ ಹೆಂಡತಿಯ ಮುಖವನ್ನೂ ನಿಧಾನವಾಗಿ ನೋಡಿದ.

ತೂದಾಳ ಕೈಯಿಂದ ಚೂರಿ ಜಾರಿತು. "ಕಣ್ಣು ಮುಚ್ಚೋ! ಮುಚ್ಚೋ ಕಣ್ಣು, ಹಾಳಾದವನೇ!" ಎಂದು ಅವಳು ಕೂಗಿದ ಕೂಗಿಗೆ ಹೊರಗಿನ ಕತ್ತೆಯೊಂದು ಉತ್ತರ ಕೊಟ್ಟಿತು. ಓಡಿ ಹೋಗಿ ತನ್ನ ಮೇಲುಹೊದಿಕೆಯನ್ನು ಗಂಡನ ತಲೆಯ ಮೇಲೆ ಹಾಕಿ, ತಟ್ಟೆಯ ಸಮೇತ ಅವನನ್ನು ಹೊರಗೆ ನೂಕಿದಳು. ಬಂದು ನೆಲದ ಮೇಲೆ ಕೂತುಬಿಟ್ಟಳು.

"ಲಲ್ಲಾ, ಅಜ್ಜಿಯರು ಕಟ್ಟಿದ ಕಥೆ ಅಂದಿದ್ರಲ್ಲ" ಎಂದಳು ಯಾಮ್ನಾ, ಮೆತ್ತಗೆ.

"ಬಾಯಿ ಮುಚ್ಚು. ಎಲ್ಲರೂ ಮನೆಗೆ ಹೋಗಿ."

ಎರಡು ದಿನ ಕಂಬಳಿ ಹಾಗೇ ನೇತಾಡಿತು, ಎಡಗಡೆ ಕೊಯ್ದು, ಬಲಗಡೆ ಬಿಗಿದು, ಮೂಲೆ ಸೊಟ್ಟಗೆ ಜೋತುಬಿದ್ದು. ತೂದಾ ಆ ಕೋಣೆಗೆ ಕಾಲಿಡಲಿಲ್ಲ. ಪೇಟೆಯಲ್ಲಿ ಮೀಮೂನನನ್ನು ಕಂಡವರೆಲ್ಲ "ಏನಪ್ಪಾ, ಅರ್ಧ ಹೋಗಿದ್ದೀಯಂತೆ, ಯಾವ ಅರ್ಧ?" ಎಂದು ಕೇಳುವವರೇ. "ಕೆಲಸ ಮಾಡೋ ಅರ್ಧ" ಎಂದು ಅವನು ಉತ್ತರ ಕೊಟ್ಟು ನಗಿಸುತ್ತಿದ್ದ. ಮನೆಗೆ ಬಂದರೆ ನಗು ಇರಲಿಲ್ಲ. ತೂದಾ ಅವನ ಹಿಂದೆ ಹಿಂದೆಯೇ ಸುತ್ತುತ್ತಿದ್ದಳು. ಅವನು ಕೆಮ್ಮಿದರೆ ಬೆಚ್ಚುತ್ತಿದ್ದಳು, ಕೆಮ್ಮದಿದ್ದರೆ ಎದ್ದು ಬಂದು ನೋಡುತ್ತಿದ್ದಳು. ಕೊಯ್ದರೆ ಗಂಡ ಹೋಗುತ್ತಾನೆ, ಕೊಯ್ಯದಿದ್ದರೆ ಅಲ್ಲಿ ಒಂದು ಜೀವ ನರಳುತ್ತಿದೆ. ನಂಬುವುದಿಲ್ಲ ಎಂದು ವರ್ಷವರ್ಷವೂ ಹೇಳುತ್ತಾ ಬಂದವಳಿಗೆ ಈ ಸಂಕಟವನ್ನು ಯಾರ ಮುಂದೆಯೂ ಹೇಳಿಕೊಳ್ಳುವಂತಿರಲಿಲ್ಲ.

ಮೂರನೆಯ ಬೆಳಿಗ್ಗೆ ಅವಳು ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಮೀಮೂನ್ ಎದುರಿಗೆ ಬಂದು ಕೂತ.

"ನಾನು ದಾರಿ ತಪ್ಪಿ ಬಂದಿರಲಿಲ್ಲ. ಬೇಕು ಅಂತಲೇ ಬಂದೆ" ಎಂದ.

ನಾದುವ ಕೈ ನಿಂತಿತು. "ಸಾಯೋದಕ್ಕೆ ಅಷ್ಟು ಅವಸರವೇನೋ ನಿನಗೆ?"

"ಕೇಳು ಸ್ವಲ್ಪ. ಪ್ರತಿ ಸಲ ಕಂಬಳಿ ಕೊಯ್ದು ಬಂದಾಗ ನಿನ್ನ ಕಣ್ಣು ಕೆಂಪಗಿರುತ್ತೆ. ನಾನು ಚಳಿಗಾಲದಲ್ಲಿ ಮಲಗಿದ್ದೆನಲ್ಲ, ಡಾಕ್ಟರೇ ತಲೆ ಅಲ್ಲಾಡಿಸಿದರಲ್ಲ, ಆಗ ನಿನ್ನ ಕಣ್ಣಲ್ಲಿ ಒಂದು ಹನಿ ಇಲ್ಲ. ಬರೀ ಬೈಗುಳ. ಮಗ್ಗುಲು ಬದಲಾಯಿಸು, ಗೊರಕೆ ನಿಲ್ಲಿಸು, ಗಂಜಿ ಚೆಲ್ಲಬೇಡ. ನಾನು ಗೋಡೆ ನೋಡ್ತಾ ಯೋಚನೆ ಮಾಡ್ತಿದ್ದೆ, ಇವಳು ಉಣ್ಣೆಗೆ ಅಳ್ತಾಳೆ, ನನಗೆ ಅಳಲ್ಲ ಅಂತ. ಅದೇನು ಅಂಥಾದ್ದು ಆ ಕಂಬಳಿಯಲ್ಲಿ, ಒಂದು ಸಲ ನೋಡೋಣ ಅನ್ನಿಸ್ತು."

ತೂದಾ ಹಿಟ್ಟನ್ನು ಪಕ್ಕಕ್ಕೆ ಸರಿಸಿದಳು. ಅವಳು ಬೈಯದೆ ಕೂತದ್ದನ್ನು ಮೀಮೂನ್ ನೋಡಿದ್ದೇ ಕಡಿಮೆ. ಅವನಿಗೆ ಹೆದರಿಕೆಯಾಗಿ "ಹೋಗಲಿ ಬಿಡು" ಎಂದು ಏಳಹೊರಟ.

"ಕೂತ್ಕೋ" ಎಂದಳು. "ಕಂಬಳಿಗೆ ಯಾಕೆ ಅಳ್ತೀನಿ ಗೊತ್ತಾ? ಅದು ಹೋಗುತ್ತೆ ಅಂತ ಗೊತ್ತು, ಕಳಿಸಿಕೊಡೋಳು ನಾನೇ, ಅದಕ್ಕೆ ಅಳ್ತೀನಿ. ನೀನು ಮಲಗಿದ್ದಾಗ ಅತ್ತಿದ್ರೆ ಕಳಿಸಿಕೊಟ್ಟ ಹಾಗಾಗ್ತಿತ್ತು. ನಾನು ಕಳಿಸೋಳಲ್ಲ. ಅದಕ್ಕೇ ಬೈತಿದ್ದೆ. ಬೈಯೋವರೆಗೂ ನೀನು ಇರ್ತೀಯ ಅಂತ ಹಟ ಹಿಡಿದಿದ್ದೆ." ಹಿಟ್ಟಿನ ಕೈಯಲ್ಲೇ ಮೂಗೊರೆಸಿಕೊಂಡಳು. "ನನಗೆ ಭಯ ಮೀಮೂನ್. ನೀನಿಲ್ಲದೆ ನನಗಾಗಲ್ಲ."

ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಮಾತು ಆ ಮನೆಯಲ್ಲಿ ಕೇಳಿಬಂದಿರಲಿಲ್ಲ. ಬಸ್ಸಿನಲ್ಲಿ ಎಂಥೆಂಥ ತಿರುವುಗಳನ್ನೋ ದಾಟಿದ್ದ ಮೀಮೂನನಿಗೆ ಈಗ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಹೆಂಡತಿಯ ಮೂಗಿಗಂಟಿದ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿದ.

"ಕೇಳಿಸ್ತು" ಎಂದ. ಆಮೇಲೆ, "ಆದರೆ ಆ ಕಂಬಳಿಯನ್ನ ಹಾಗೆ ಬಿಡೋದು ತಪ್ಪು. ನೀನೇ ಹೇಳಿಕೊಟ್ಟ ಪಾಠ. ಹುಡುಗಿಯರು ನಾಳೆ ಬಸ್ಸು ಹತ್ತುತ್ತಾರೆ."

"ನನ್ನ ಕೈಯಲ್ಲಿ ಕೊಯ್ಯೋಕೆ ಆಗಲ್ಲ."

"ಅವರು ಕೊಯ್ಯಲಿ. ಬೇಸಿಗೆ ಪೂರ್ತಿ ಕಲಿಸಿದ್ದು ಮತ್ಯಾತಕ್ಕೆ?"

ಮಧ್ಯಾಹ್ನ ಹುಡುಗಿಯರೆಲ್ಲ ಮಗ್ಗದ ಮುಂದೆ ಸೇರಿದರು. ಯಾಮ್ನಾಳ ಕೈಗೆ ಚೂರಿ ಬಂತು. ಈ ಸಲ ತೂದಾ ಗಂಡನನ್ನು ಹೊರಗಟ್ಟಲಿಲ್ಲ. ಕಣ್ಣಿಗೆ ಮರೆಯಾದರೆ ಏನಾಗುತ್ತದೋ ಎಂಬ ದಿಗಿಲು ಅವಳಿಗೆ. ಮಗ್ಗಕ್ಕೆ ಬೆನ್ನು ಮಾಡಿ ಅವನನ್ನು ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನಾಡಿ ಸಿಗುವ ಜಾಗ ಅವಳ ಹೆಬ್ಬೆರಳಿಗೆ ಚಳಿಗಾಲದಿಂದಲೇ ಗೊತ್ತಿತ್ತು.

"ಶುರು ಮಾಡಲಾ ಲಲ್ಲಾ?"

"ಮೊದಲು ನೀರು ಚಿಮುಕಿಸು. ಎಳೆ ಎಳೆಯಾಗಿ ಕೊಯ್ಯಿ, ಜಗ್ಗಬೇಡ. ಹಿಂದೆ ತಿರುಗಿ ನನ್ನನ್ನ ನೋಡಬೇಡ, ಚೂರಿ ನೋಡು."

ಬೆನ್ನ ಹಿಂದೆ ಎಳೆಗಳು ಪಟ್ ಪಟ್ ಎಂದು ಬಿಡುತ್ತಿದ್ದವು. ಪ್ರತಿ ಸದ್ದಿಗೂ ಅವಳ ಹಿಡಿತ ಬಿಗಿಯಾಗುತ್ತಿತ್ತು. ಮೀಮೂನನ ಬೆರಳು ಬೆಳ್ಳಗಾದವು. ಅವನು ಕೈ ಎಳೆದುಕೊಳ್ಳಲಿಲ್ಲ. ಕಡೆಯ ಎಳೆ ಬಿಟ್ಟಿತು, ಕಂಬಳಿ ಧೊಪ್ಪೆಂದು ನೆಲಕ್ಕೆ ಬಿತ್ತು. ಹುಡುಗಿಯರು ಉಸಿರು ಹಿಡಿದು ಬೆಂಚಿನ ಕಡೆ ತಿರುಗಿದರು.

"ಆಯ್ತು ಕಣೇ, ಇನ್ನು ಬಿಡು" ಎಂದು ಮೀಮೂನ್ ಪಿಸುಗುಟ್ಟಿದ. "ಎಲ್ಲರೂ ನೋಡ್ತಿದ್ದಾರೆ."

"ನೋಡಲಿ" ಎಂದಳು ತೂದಾ. "ಸುಮ್ಮನೆ ಕೂತ್ಕೋ, ಇನ್ನೂ ಎಣಿಸ್ತಾ ಇದ್ದೀನಿ."