ಒಂದು ಬಕೆಟ್ ಸ್ನಾನ

ಪಕ್ಕದ ಮನೆಯ ಆಂಟಿಯ ಬೆರಳ ತುದಿಗಳು ಸದಾ ನೀರಲ್ಲಿ ನೆನೆದು ಸುಕ್ಕುಗಟ್ಟಿರುತ್ತಿದ್ದವು. ತರಕಾರಿ ತೊಳೆದ ನೀರನ್ನೂ ಬೋಗುಣಿಯಲ್ಲಿ ಹಿಡಿದು ಪುದೀನಾ ಕುಂಡಕ್ಕೆ ಹೊಯ್ಯುವವರು. ಮೈಸೂರಿನವರು, ಗಂಡ ತೀರಿಕೊಂಡ ಮೇಲೆ ಪಾರ್ಸಿಪನಿ ಎಂಬ ಊರಿನ ಆ ಮನೆಯಲ್ಲಿ ಒಬ್ಬರೇ. ಅಮೆರಿಕಕ್ಕೆ ಬಂದು ಎಷ್ಟು ವರ್ಷವಾದರೂ ಸ್ನಾನ ಮಾತ್ರ ಒಂದು ಬಕೆಟ್, ಒಂದು ಚೊಂಬು. "ಶವರ್ ಕೆಳಗೆ ನಿಂತ್ರೆ ನೀರು ನನ್ನ ಕೇಳ್ದೇನೇ ಹೋಗುತ್ತೆ ಕಣಮ್ಮ," ಎನ್ನುತ್ತಿದ್ದರು.

ಆ ಹಿಡಿತವೇ ಅವರಿಗೆ ಮುಳುವಾಯಿತು ನೋಡಿ. ಬ್ಯಾಂಕುಗಳು ಮುಗ್ಗರಿಸಿದ ಕಾಲ. ಮನೆಯ ಬೆಲೆ ಅದರ ಮೇಲಿನ ಸಾಲಕ್ಕಿಂತ ಕೆಳಗಿಳಿದು, ಅದು ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪವಾಗಿತ್ತು. ಸ್ವಂತ ವಾಸದ ಮನೆಗೆಂದು ಕೊಡುವ ಆಸ್ತಿ ತೆರಿಗೆಯ ರಿಯಾಯಿತಿಯಿಂದಲೇ ಅದು ಕೈಯಲ್ಲಿ ಉಳಿದಿತ್ತು. ಈಗ ಅದಕ್ಕೂ ತಡೆ. ಇಷ್ಟು ಕಡಿಮೆ ನೀರು ಖರ್ಚಾಗುವ ಮನೆಯಲ್ಲಿ ಯಾರೂ ವಾಸವಿರಲಾರರು ಎಂದು ತೆರಿಗೆ ಆಫೀಸಿನವರ ಅನುಮಾನ.

ನಾನೇ ಡ್ರೈವ್ ಮಾಡಿ ಆ ಆಫೀಸಿಗೆ ಕರೆದೊಯ್ದೆ. ಆಂಟಿ ಕೈಚೀಲದಿಂದ ಚೊಂಬು ತೆಗೆದು, ಕೌಂಟರಿನ ಮುಂದೆ ತಲೆಗೆ ನೀರು ಹೊಯ್ದುಕೊಳ್ಳುವುದನ್ನು ಅಭಿನಯಿಸಿ ತೋರಿಸಿದರು. "ಲೈಕ್ ದಿಸ್, ಸರ್. ಎವೆರಿ ಡೇ." ಕೌಂಟರಿನಲ್ಲಿದ್ದಾತ ನಗಲಿಲ್ಲ, ಗದರಲೂ ಇಲ್ಲ. ನೀರಿನ ಮುಂದಿನ ಎರಡು ಬಿಲ್ ನೋಡೋಣ, ಅಲ್ಲಿಯವರೆಗೆ ಮನೆಗೆ ಬೀಗ ಹಾಕಿಕೊಂಡು ಎಲ್ಲಿಗೂ ಹೋಗುವಂತಿಲ್ಲ ಎಂದ. ನನಗೆ ಮೈಯೆಲ್ಲ ಉರಿಯಿತು. ತನ್ನ ಮನೆಯಲ್ಲಿ ತಾನಿದ್ದೇನೆ ಎನ್ನಲು ಹೆಂಗಸು ಇನ್ನೇನು ಮಾಡಬೇಕು?

ಅದೇ ವಾರ ಮೈಸೂರಿನಿಂದ ಫೋನ್ ಬಂತು: ಆಂಟಿಯ ಅಕ್ಕ ಆಸ್ಪತ್ರೆ ಸೇರಿದ್ದಾರೆ.

"ಹೋಗ್ಬನ್ನಿ ಆಂಟಿ, ದಿನಾ ನಾನು ಬಂದು ನಲ್ಲಿ ಬಿಡ್ತೀನಿ," ಎಂದೆ.

"ಸುಳ್ಳು ಸಾಕ್ಷಿ ನಿನ್ ತಲೆಗೆ ಬೇಡಮ್ಮ. ಅಕ್ಕ ಕಾಯ್ತಾಳೆ."

ಬಿಲ್ ಏರಲೆಂದು ಆಂಟಿ ತಾವೇ ದಿನಾ ಸಂಜೆ ಸಿಂಕಿನ ನಲ್ಲಿ ಬಿಟ್ಟು, ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. "ಅಲ್ಲಾ ಮಾಫ್ ಮಾಡ್ಲಿ," ಎಂದು ಗೊಣಗುತ್ತಿದ್ದರು. ನೋಡಲಾಗದೆ ನಾನು ಬೇಗ ಎದ್ದು ಬರುತ್ತಿದ್ದೆ.

ಅಕ್ಕ ಕಾಯಲಿಲ್ಲ. ಸುದ್ದಿ ಕೇಳಿ ಓಡಿದೆ. ಆಂಟಿ ಸ್ಟೂಲಿನ ಮೇಲಿದ್ದರು, ನಲ್ಲಿ ಸುರಿಯುತ್ತಲೇ ಇತ್ತು. ನಿಲ್ಲಿಸಲು ಹೋದರೆ ನನ್ನ ಕೈ ಹಿಡಿದುಕೊಂಡರು. "ಬಿಡು, ಹೋಗ್ಲಿ. ನಾನು ಇಲ್ಲೇ ಇದ್ದೆ ಅಂತ ಅವ್ರಿಗೆ ಗೊತ್ತಾಗ್ಲಿ."

ರಿಯಾಯಿತಿ ಸಿಕ್ಕಿತು. ಕೆಲವು ವರ್ಷಗಳ ನಂತರ ಆಂಟಿ ಅದೇ ಮನೆಯಲ್ಲಿ ತೀರಿಕೊಂಡರು. ಚೊಂಬು ಈಗ ನನ್ನ ಬಾತ್‌ರೂಮಿನಲ್ಲಿದೆ. ಮಕ್ಕಳು ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜಿದರೆ ಓಡಿಹೋಗಿ ನಿಲ್ಲಿಸುತ್ತೇನೆ. "ಮಾಮ್, ಇಟ್ಸ್ ಜಸ್ಟ್ ವಾಟರ್!" ಎನ್ನುತ್ತಾರೆ. ಅವತ್ತು ಆ ಒಂದು ನಲ್ಲಿ ಮಾತ್ರ ನನ್ನಿಂದ ನಿಲ್ಲಿಸಲಾಗಲಿಲ್ಲ.